ಗಾಳಿ ಮಾರುವ ಊರಿನ ಮಕ್ಕಳಿಗೆ ಗಾಳಿಯ ಪಾಠವೇ ಇಲ್ಲ

ಗದಗ, ಕೊಪ್ಪಳ, ವಿಜಯನಗರ, ಚಿತ್ರದುರ್ಗ. ಈ ಸೀಮೆಯ ಯಾವ ರಸ್ತೆ ಹಿಡಿದು ಹೋದರೂ ಗುಡ್ಡದ ಮೇಲೆ, ಎರೆ ಹೊಲದ ನಡುವೆ ಫ್ಯಾನು ತಿರುಗುವುದು ಕಾಣುತ್ತದೆ. ಕರ್ನಾಟಕದ ಪವನ ವಿದ್ಯುತ್ ಸಾಮರ್ಥ್ಯ 7,000 ಮೆಗಾವಾಟ್ ದಾಟಿದೆ. ಅಂದರೆ ನಮ್ಮ ಹೊಲದ ಮೇಲೆ ಹಾದುಹೋಗುವ ಗಾಳಿಗೆ ಈಗ ರೇಟು ಬಂದಿದೆ. ಅದನ್ನು ಅಳೆಯುತ್ತಾರೆ, ಲೆಕ್ಕ ಹಾಕುತ್ತಾರೆ, ಅದರ ಮೇಲೆ ಕರಾರು ಬರೆಯುತ್ತಾರೆ.

ಆದರೆ ಅದೇ ಫ್ಯಾನಿನ ಬುಡದ ಊರಿನ ಶಾಲೆಯಲ್ಲಿ "ಗಾಳಿ ಯಾಕೆ ಬೀಸತೈತಿ?" ಎಂದು ಕೇಳಿ ನೋಡಿ.

ಸುದ್ದಿಗೆಂದು ಶಾಲೆಗಳಿಗೆ ಹೋದಾಗ ನಾವು ಈ ಪ್ರಶ್ನೆ ಕೇಳುವುದುಂಟು. ಸಿಗುವ ಉತ್ತರ ಎರಡೇ ಬಗೆ. ಮುಂದಿನ ಸಾಲಿನ ಹುಡುಗಿ ಎದ್ದು ನಿಂತು, ಕೈಕಟ್ಟಿ, ಅಧಿಕ ಒತ್ತಡ ಕಡಿಮೆ ಒತ್ತಡ ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಾಳೆ. ಒತ್ತಡ ಅಂದರೇನವ್ವಾ ಎಂದರೆ ಮೌನ. ಹಿಂದಿನ ಸಾಲಿನ ಹುಡುಗ ಮಾತ್ರ ಧೈರ್ಯವಾಗಿ ಹೇಳುತ್ತಾನೆ: "ಫ್ಯಾನ್ ತಿರಗತಾವಲ್ರಿ, ಅದಕ್ಕ ಗಾಳಿ ಬರತೈತ್ರಿ."

ಎಲ್ಲರೂ ನಗುತ್ತಾರೆ. ನಗಬೇಡಿ. ಆ ಹುಡುಗ ತಲೆ ಓಡಿಸಿದ್ದಾನೆ. ಮನೆಯ ಫ್ಯಾನು ತಿರುಗಿದರೆ ಗಾಳಿ ಬರುತ್ತದೆ, ಗುಡ್ಡದ ಮೇಲಿನದೂ ಫ್ಯಾನೇ. ತನ್ನ ಕಣ್ಣಿಗೆ ಕಂಡದ್ದರಿಂದ ಅವನು ಒಂದು ತೀರ್ಮಾನಕ್ಕೆ ಬಂದಿದ್ದಾನೆ, ಅದು ತಪ್ಪಾಗಿದೆ ಅಷ್ಟೇ. ಬಾಯಿಪಾಠ ಒಪ್ಪಿಸಿದವಳಿಗೆ ಶಾಲೆ ಯೋಚಿಸುವುದನ್ನೇ ಕಲಿಸಿಲ್ಲ. ಯೋಚಿಸಿದವನಿಗೆ ಸರಿದಾರಿ ತೋರಿಸಿಲ್ಲ. ನಮ್ಮ ತಕರಾರು ಇರುವುದು ಆ ಮಕ್ಕಳ ಮೇಲಲ್ಲ, ಹಾಗೆ ಬಿಟ್ಟವರ ಮೇಲೆ.

ಒಂದು ಮಾತಿಗೆ ನಾಲ್ಕು ಅರ್ಥ

ಕನ್ನಡದ ಮಗುವಿಗೆ ಇಲ್ಲೊಂದು ತೊಡಕಿದೆ. ಅದನ್ನು ಪಾಠಪುಸ್ತಕ ಬರೆಯುವವರು ಗಮನಿಸಿದಂತಿಲ್ಲ. ನಮ್ಮಲ್ಲಿ ಸುಮ್ಮನೆ ಸುತ್ತಲೂ ಇರುವುದೂ ಗಾಳಿಯೇ, ಬೀಸುವುದೂ ಗಾಳಿಯೇ. ಚೈತ್ರದ ಮಧ್ಯಾಹ್ನ ಎಲೆ ಅಲುಗದಿದ್ದಾಗ ಅವ್ವ "ಇವತ್ತು ಗಾಳಿನೇ ಇಲ್ಲ" ಎನ್ನುತ್ತಾಳೆ. ಮಗು ಅದನ್ನು ಹಾಗೆಯೇ ನಂಬುತ್ತದೆ. ಬೀಸದಿದ್ದರೆ ಗಾಳಿ ಇಲ್ಲ, ಖಾಲಿ ತಂಬಿಗೆಯಲ್ಲಿ ಏನೂ ಇಲ್ಲ, ಮುಚ್ಚಿದ ಕೋಣೆ ಬರಿದು.

ಇದಲ್ಲದೆ ಇನ್ನೂ ಎರಡು ಅರ್ಥಗಳಿವೆ. ಯಾರಿಗಾದರೂ ಜ್ವರ ಬಂದು ಬಡಬಡಿಸಿದರೆ "ಗಾಳಿ ಸೋಕೈತಿ" ಎನ್ನುತ್ತಾರೆ. ಬುಡವಿಲ್ಲದ ಮಾತಿಗೆ ಗಾಳಿಸುದ್ದಿ ಎನ್ನುತ್ತಾರೆ. ಅಂತೂ ಶಾಲೆಗೆ ಬರುವ ಮುಂಚೆಯೇ ಮಗುವಿನ ತಲೆಯಲ್ಲಿ ಗಾಳಿ ಎಂದರೆ ಒಂದಷ್ಟು ದೆವ್ವ, ಒಂದಷ್ಟು ಸುಳ್ಳು, ಒಂದಷ್ಟು ತಂಪು.

ಶಾಲೆ ಇದನ್ನು ಬಿಡಿಸಿ ಹೇಳಬೇಕಿತ್ತು. ಅದರ ಬದಲು "ವಾಯು", "ಮಾರುತ" ಎಂಬ ಎರಡು ಹೊಸ ಪದ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಪದ ಬೇಡ ಎನ್ನುತ್ತಿಲ್ಲ. ಆದರೆ ವಾಯು ಪುಸ್ತಕದಲ್ಲಿರುವ ವಸ್ತು, ಗಾಳಿ ಹೊಲದಲ್ಲಿರುವ ವಸ್ತು ಎಂದು ಮಗು ಎರಡು ಕಪಾಟು ಮಾಡಿಕೊಂಡರೆ ಆ ಪಾಠ ಪರೀಕ್ಷೆಯ ದಿನಕ್ಕೇ ಮುಗಿಯಿತು.

ಗಾಳಿ ತಿಳಿಯದಿದ್ದರೆ ಆಗುವ ನಷ್ಟ

ಇದೆಲ್ಲ ಎರಡು ಮಾರ್ಕಿನ ಪ್ರಶ್ನೆ, ಇದಕ್ಕೇಕೆ ಇಷ್ಟು ರಂಪ ಎನ್ನುವವರಿದ್ದಾರೆ. ಅವರು ಕಟ್ಟೆಯ ಮೇಲೆ ಹೋಗಿ ಕೂಡಲಿ.

ಫ್ಯಾನು ಬಂದ ಊರಿನಲ್ಲೆಲ್ಲ ಒಂದು ಮಾತು ಓಡಾಡುತ್ತದೆ: "ಈ ಫ್ಯಾನು ಮೋಡ ಓಡಸತಾವ, ಅದಕ್ಕ ಮಳಿ ಇಲ್ಲ." ವಾಟ್ಸಾಪಿನಲ್ಲಿ ಬರುತ್ತದೆ, ಚಹಾದಂಗಡಿಯಲ್ಲಿ ಬರುತ್ತದೆ, ಮನವಿ ಪತ್ರದಲ್ಲೂ ಬರುತ್ತದೆ.

ಲೆಕ್ಕ ಹಾಕಿ ನೋಡೋಣ. ದೊಡ್ಡ ಫ್ಯಾನಿನ ರೆಕ್ಕೆಯ ತುದಿ ನೆಲದಿಂದ ಹೆಚ್ಚೆಂದರೆ 200 ಮೀಟರ್ ಆಸುಪಾಸು ಏರುತ್ತದೆ. ಮಳೆಗಾಲದ ತೇವದ ಗಾಳಿಯ ಪದರ ಕಿಲೋಮೀಟರುಗಟ್ಟಲೆ ದಪ್ಪ. ಫ್ಯಾನು ಗಾಳಿಯನ್ನು ದೂಡುವುದಿಲ್ಲ, ಗಾಳಿಯೇ ಫ್ಯಾನನ್ನು ದೂಡುತ್ತದೆ. ಫ್ಯಾನಿನ ಬೆನ್ನ ಹಿಂದೆ ಸ್ವಲ್ಪ ದೂರ ಗಾಳಿಯ ವೇಗ ತಗ್ಗುತ್ತದೆ, ಅದು ನಿಜ. ಮೋಡವನ್ನು ಊರು ಬಿಟ್ಟು ಓಡಿಸುವ ಕಸುವು ಅದಕ್ಕಿಲ್ಲ.

ಹಾಗಾದರೆ ಆಷಾಢದಲ್ಲಿ ನಮ್ಮ ಕಡೆ ಮೋಡ ಓಡುತ್ತವೆ, ಗಾಳಿ ಬೊಬ್ಬಿಡುತ್ತದೆ, ಮಳೆ ಮಾತ್ರ ಹನಿಯುವುದಿಲ್ಲ. ಯಾಕೆ? ಅಜ್ಜಂದಿರನ್ನು ಕೇಳಿ, ಫ್ಯಾನು ಬರುವ ಮೊದಲೂ ಹಾಗೆಯೇ ಇತ್ತು ಎನ್ನುತ್ತಾರೆ. ಅರಬ್ಬಿ ಸಮುದ್ರದಿಂದ ಬಂದ ಗಾಳಿ ಪಶ್ಚಿಮಘಟ್ಟಕ್ಕೆ ತಾಗಿ ಮೇಲೇರುತ್ತದೆ. ಮೇಲೇರಿದಂತೆ ಹಿಗ್ಗುತ್ತದೆ, ಹಿಗ್ಗಿದಂತೆ ತಣ್ಣಗಾಗುತ್ತದೆ, ಅದರಲ್ಲಿದ್ದ ನೀರು ಅಲ್ಲಿಯೇ ಸುರಿಯುತ್ತದೆ. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಘಟ್ಟ ದಾಟಿ ಇಳಿಯುವ ಗಾಳಿ ಒತ್ತಿಕೊಂಡು ಬಿಸಿಯಾಗುತ್ತದೆ, ಒಣಗುತ್ತದೆ. ಗದಗ ಸೀಮೆಗೆ ಸಿಗುವುದು 600 ಮಿಲಿಮೀಟರ್ ಆಸುಪಾಸು. ಗಾಳಿ ನಮಗೆ ಬಂತು, ನೀರು ಘಟ್ಟದಲ್ಲಿ ಉಳಿಯಿತು. ಫ್ಯಾನಿನವರು ಇಲ್ಲಿಗೆ ಬಂದದ್ದೂ ಇದೇ ಗಾಳಿಯನ್ನು ಹುಡುಕಿಕೊಂಡು.

ಊರು ಮೋಡದ ಹೆಸರಲ್ಲಿ ಜಗಳಕ್ಕೆ ನಿಂತರೆ ಎದುರಿನ ಅಧಿಕಾರಿ ಒಂದು ನಗೆ ನಕ್ಕು ಫೈಲು ಮುಚ್ಚುತ್ತಾನೆ. ಆಗ ನಿಜವಾದ ಜಗಳಗಳೂ ಅದರ ಜೊತೆಗೇ ಮುಚ್ಚಿಹೋಗುತ್ತವೆ. ಬಾಡಿಗೆ ಎಷ್ಟು, ಎಷ್ಟು ವರ್ಷಕ್ಕೆ, ನಡುವೆ ಏರುತ್ತದೆಯೋ ಇಲ್ಲವೋ. ಭಾರದ ಲಾರಿ ಓಡಿ ಗಟ್ಟಿಯಾದ ಎರೆ ಮಣ್ಣನ್ನು ಸರಿಮಾಡುವವರು ಯಾರು. ಹೊಸ ದಾರಿಯ ಮಣ್ಣು ಹಳ್ಳಕ್ಕೆ ಅಡ್ಡ ಬಿದ್ದರೆ ಕೇಳುವವರು ಯಾರು. ಮನೆಯ ಹತ್ತಿರದ ಫ್ಯಾನಿನ ಸದ್ದಿಗೆ ಏನು ಉತ್ತರ. ಸುಳ್ಳು ಕಾರಣಕ್ಕೆ ಕೂಗಿ ಕೂಗಿ ದನಿ ಬಿದ್ದುಹೋದ ಊರಿಗೆ ಸರಿಯಾದ ಕಾರಣ ಹೇಳಲು ದನಿ ಇರುವುದಿಲ್ಲ.

ಇನ್ನೊಂದು ಲೆಕ್ಕ ಕೇಳಿ. ಫ್ಯಾನು ಬರುವುದಕ್ಕೆ ಮೊದಲು ಹೊಲದಂಚಿನಲ್ಲಿ ಒಂದು ಸಣಕಲು ಎತ್ತರದ ಕಂಬ ಬರುತ್ತದೆ. ನಾಲ್ಕೂ ಕಡೆ ತಂತಿ ಎಳೆದಿರುತ್ತಾರೆ. ಮೊಬೈಲ್ ಟವರಿರಬೇಕು ಎಂದು ಜನ ಸುಮ್ಮನಾಗುತ್ತಾರೆ. ಅದು ಗಾಳಿಯ ವೇಗ, ದಿಕ್ಕು ಅಳೆಯುವ ಕಂಬ. ವರ್ಷಗಟ್ಟಲೆ ಅಳೆದ ಮೇಲೆಯೇ ಅವರು ದರ ಮಾತಾಡಲು ಬರುವುದು. ಅವರಿಗೆ ಗೊತ್ತಿರುವ ಒಂದು ಗುಟ್ಟು ನಮ್ಮ ರೈತರಿಗೆ ಗೊತ್ತಿಲ್ಲ: ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಏಳನೇ ತರಗತಿಯ ಮಗು ಮಾಡಬಲ್ಲ ಲೆಕ್ಕವಿದು. ಸೆಕೆಂಡಿಗೆ 5 ಮೀಟರ್ ವೇಗವಿದ್ದರೆ 5×5×5, ಅಂದರೆ 125. ವೇಗ 6 ಮೀಟರಾದರೆ 6×6×6, ಅಂದರೆ 216. ವೇಗ ಏರಿದ್ದು ಒಂದೇ ಮೀಟರ್, ಶಕ್ತಿ ಏರಿದ್ದು ಹೆಚ್ಚುಕಡಿಮೆ ಮುಕ್ಕಾಲು ಪಾಲು. ದಿಬ್ಬದ ಮೇಲಿನ ಹೊಲಕ್ಕೂ ತಗ್ಗಿನ ಹೊಲಕ್ಕೂ ಇರುವ ವ್ಯತ್ಯಾಸ ಅಷ್ಟು ದೊಡ್ಡದು. ಇದು ತಿಳಿಯದ ರೈತ ದಿಬ್ಬದ ಹೊಲವನ್ನು "ಕಲ್ಲುಭೂಮಿ, ಏನು ಬಂದರೂ ಲಾಭವೇ" ಎಂದು ಸಹಿ ಹಾಕಿ ಕೊಡುತ್ತಾನೆ.

ಎಮ್ಮೆ ಮಾರುವವನು ಅದರ ಹಲ್ಲು ಎಣಿಸದೆ ಬೆಲೆ ಹೇಳುವುದಿಲ್ಲ. ಗಾಳಿ ಮಾರುವ ನಾವು ಮಾತ್ರ ಕಣ್ಣು ಮುಚ್ಚಿ ಹೆಬ್ಬೆಟ್ಟು ಒತ್ತುತ್ತಿದ್ದೇವೆ.

ಪುಸ್ತಕದಿಂದಲೇ ಹಾರಿಹೋದ ಗಾಳಿ

2022ರಲ್ಲಿ ಎನ್‌ಸಿಇಆರ್‌ಟಿಯವರು ಮಕ್ಕಳ ಹೊರೆ ಇಳಿಸುತ್ತೇವೆಂದು ಏಳನೇ ತರಗತಿಯ ವಿಜ್ಞಾನ ಪುಸ್ತಕದಿಂದ ಕೆಲವು ಪಾಠ ತೆಗೆದರು. ಯಾವುದೆಲ್ಲ ಹೋಯಿತು ನೋಡಿ: ಗಾಳಿ, ಬಿರುಗಾಳಿ, ಚಂಡಮಾರುತದ ಪಾಠ ಹೋಯಿತು. ಮಣ್ಣಿನ ಪಾಠ ಹೋಯಿತು. ನೀರಿನ ಪಾಠ ಹೋಯಿತು. ರೈತನ ಮಗುವಿಗೆ ದಿನಾ ಕಾಲಿಗೆ ತಾಗುವ, ಮೈಗೆ ತಾಗುವ ಮೂರು ವಸ್ತುಗಳೇ ಅವರಿಗೆ ಹೊರೆಯಾಗಿ ಕಂಡವು. 2025ರಲ್ಲಿ ಬಂದ ಅವರ ಹೊಸ ಎಂಟನೇ ತರಗತಿ ಪುಸ್ತಕದಲ್ಲಿ ಒತ್ತಡ, ಗಾಳಿ, ಚಂಡಮಾರುತ ಮರಳಿ ಬಂದಿವೆ. ಒಳ್ಳೆಯದು. ಆದರೆ ನಡುವಿನ ವರ್ಷಗಳಲ್ಲಿ ಆ ಪುಸ್ತಕ ಓದಿ ದಾಟಿದ ಮಕ್ಕಳ ಗತಿ ಏನು? ನಿಮ್ಮ ಮಗುವಿನ ಚೀಲ ತೆಗೆದು ಇವತ್ತೇ ನೋಡಿ. ಅದರ ಪುಸ್ತಕದಲ್ಲಿ ಗಾಳಿ ಇದೆಯೇ, ಎಷ್ಟು ಪುಟ ಇದೆ, ಮೇಷ್ಟ್ರು ಅದನ್ನು ಮಾಡಿದರೇ?

ಪಾಠ ಇದ್ದರೂ ಸಾಲದು. ತುಂಬ ಕಡೆ ಗಾಳಿಯ ಪಾಠಕ್ಕೆ ಒಂದೇ ಒಂದು ಪ್ರಯೋಗ ನಡೆಯುತ್ತದೆ, ಅದನ್ನೂ ತಪ್ಪಾಗಿ ಹೇಳಿಕೊಡುತ್ತಾರೆ. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದಬತ್ತಿ, ಮೇಲೆ ಗಾಜಿನ ಲೋಟ. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. "ಆಮ್ಲಜನಕ ಸುಟ್ಟುಹೋಯಿತು, ಆ ಜಾಗಕ್ಕೆ ನೀರು ಬಂತು" ಎಂದು ಬರೆಸುತ್ತಾರೆ. ಅದು ಸರಿಯಲ್ಲ. ಬತ್ತಿ ಆರುವಾಗ ಒಳಗೆ ಇನ್ನೂ ಸಾಕಷ್ಟು ಆಮ್ಲಜನಕ ಉಳಿದಿರುತ್ತದೆ. ಉರಿಯ ಬಿಸಿಗೆ ಹಿಗ್ಗಿದ್ದ ಗಾಳಿ ಬತ್ತಿ ಆರಿದ ಮೇಲೆ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ಗಾಳಿ ನೀರನ್ನು ಒಳಕ್ಕೆ ಒತ್ತುತ್ತದೆ. ಬಿಡದೆ ನೋಡಿದರೆ ನೀರು ಹೆಚ್ಚಾಗಿ ಏರುವುದು ಬತ್ತಿ ಆರಿದ ಮೇಲೆಯೇ ಎಂದು ಮಗುವಿಗೇ ಕಾಣುತ್ತದೆ. ಗಾಳಿ ಹಿಗ್ಗುವುದನ್ನೂ ಕುಗ್ಗುವುದನ್ನೂ ತೋರಿಸುವ ಪ್ರಯೋಗ ಕೈಯಲ್ಲಿದ್ದೂ ಬೇರೇನನ್ನೋ ಬರೆಸಿ ಕಳಿಸುತ್ತೇವೆ.

ಲ್ಯಾಬ್ ಇಲ್ಲ ಎಂಬ ನೆಪ

"ಸರ್ಕಾರಿ ಶಾಲೆ, ಲ್ಯಾಬ್ ಇಲ್ಲ, ಸಾಮಾನಿಲ್ಲ" ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ಗಾಳಿಯ ಪಾಠಕ್ಕೆ ಬೇಕಾದ ಸಾಮಾನು ಅಡುಗೆಮನೆಯಲ್ಲಿದೆ. ಇದನ್ನು ಓದುತ್ತಿರುವ ಅಪ್ಪ, ಅವ್ವ, ಅಕ್ಕ, ಮಾಮ ಯಾರಾದರೂ ಮಾಡಿಸಬಹುದು.

ಒಂದು. ಗಾಳಿಗೆ ಜಾಗ ಬೇಕು. ತಂಬಿಗೆಯ ತಳಕ್ಕೆ ಒಣ ಕಾಗದ ತುರುಕಿ, ಬಾಯಿ ಕೆಳಗೆ ಮಾಡಿ ಬಕೆಟ್ ನೀರಿನಲ್ಲಿ ನೆಟ್ಟಗೆ ಮುಳುಗಿಸಿ. ತೆಗೆದು ನೋಡಿದರೆ ಕಾಗದ ಒದ್ದೆಯಾಗಿರುವುದಿಲ್ಲ. ತಂಬಿಗೆ ಖಾಲಿ ಇರಲಿಲ್ಲ, ಅದರಲ್ಲಿ ಗಾಳಿ ಇತ್ತು. "ಇವತ್ತು ಗಾಳಿನೇ ಇಲ್ಲ" ಎಂಬ ಮಾತು ಇಲ್ಲಿಗೆ ಬಿಡಿಸಿಕೊಳ್ಳುತ್ತದೆ.

ಎರಡು. ಗಾಳಿಗೆ ತೂಕವಿದೆ. ಮೆತ್ತಗಿರುವ ಫುಟ್‌ಬಾಲನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ, ಪಂಪು ಹೊಡೆದು ಗಟ್ಟಿ ಮಾಡಿ ಮತ್ತೆ ತೂಗಿ. ಕೆಲವು ಗ್ರಾಂ ಹೆಚ್ಚಾಗಿರುತ್ತದೆ. ಒಂದು ಘನ ಮೀಟರ್ ಗಾಳಿಯ ತೂಕ ಒಂದು ಕೆಜಿಗಿಂತ ತುಸು ಹೆಚ್ಚು. 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ತರಗತಿಯ ಕೋಣೆಯಲ್ಲಿರುವ ಗಾಳಿ ಒಂದು ಕ್ವಿಂಟಲಿಗೂ ಹೆಚ್ಚು ತೂಗುತ್ತದೆ. ಒಂದು ಚೀಲ ಜೋಳದ ತೂಕದ ವಸ್ತುವನ್ನು "ಏನೂ ಇಲ್ಲ" ಎಂದು ಕರೆಯುತ್ತಿದ್ದೆವು!

ಮೂರು. ಬಿಸಿಯಾದರೆ ಗಾಳಿ ಹಿಗ್ಗುತ್ತದೆ. ಖಾಲಿ ಬಾಟಲಿಯ ಬಾಯಿಗೆ ಬಲೂನು ಸಿಕ್ಕಿಸಿ ಬಿಸಿನೀರಿನಲ್ಲಿ ಇಡಿ. ಬಲೂನು ಎದ್ದು ನಿಲ್ಲುತ್ತದೆ. ಮಡಕೆಯ ನೀರಿನಲ್ಲಿ ಇಡಿ, ಮಲಗುತ್ತದೆ. "ಬಿಸಿಗಾಳಿ ಮೇಲೆ ಹೋಯ್ತು, ಅದಕ್ಕೆ ಬಲೂನು ಎದ್ದಿತು" ಎಂದು ಮಗು ಹೇಳಿದರೆ ಬಾಟಲಿಯನ್ನು ತಲೆಕೆಳಗೆ ಹಿಡಿದು ಮೇಲಿಂದ ಬಿಸಿನೀರು ಸುರಿಯಿರಿ. ಆಗಲೂ ಬಲೂನು ಉಬ್ಬುತ್ತದೆ. ಹಿಗ್ಗುವುದು ಮೊದಲು. ಹಿಗ್ಗಿದ್ದರಿಂದ ಹಗುರಾಗಿ ಮೇಲೇರುವುದು ಆಮೇಲೆ.

ನಾಲ್ಕು. ಮೇಲೇರಿದ ಜಾಗಕ್ಕೆ ತಣ್ಣನೆಯದು ನುಗ್ಗುತ್ತದೆ. ಒಲೆ ಉರಿಯುವಾಗ ಅಡುಗೆಮನೆಯ ಬಾಗಿಲನ್ನು ತುಸುವೇ ತೆರೆದು ಊದಿನಕಡ್ಡಿ ಹಿಡಿಯಿರಿ. ಬಾಗಿಲ ಮೇಲ್ಭಾಗದಲ್ಲಿ ಹೊಗೆ ಹೊರಗೆ ಹೋಗುತ್ತದೆ, ಹೊಸ್ತಿಲ ಹತ್ತಿರ ಒಳಗೆ ಬರುತ್ತದೆ. ಮಗು ಕಣ್ಣಾರೆ ಗಾಳಿ ಹುಟ್ಟುವುದನ್ನು ಕಂಡಿತು. ಜಗತ್ತಿನ ಗಾಳಿಗಳೂ ಮೂಲದಲ್ಲಿ ಇದೇ.

ಐದು. ಸೂರ್ಯ ಎಲ್ಲ ಕಡೆ ಒಂದೇ ಸಮ ಕಾಯಿಸುವುದಿಲ್ಲ. ಒಂದು ತಟ್ಟೆ ಎರೆ ಮಣ್ಣು, ಒಂದು ತಟ್ಟೆ ನೀರು ಅರ್ಧ ತಾಸು ಬಿಸಿಲಲ್ಲಿಟ್ಟು ಬೆರಳಿಟ್ಟು ನೋಡಲಿ. ಮಣ್ಣು ಹೆಚ್ಚು ಕಾದಿರುತ್ತದೆ. ಕಾರವಾರದ ದಂಡೆಯಲ್ಲಿ ಹಗಲು ಸಮುದ್ರದ ಗಾಳಿ ನೆಲದ ಕಡೆ, ರಾತ್ರಿ ನೆಲದ ಗಾಳಿ ಸಮುದ್ರದ ಕಡೆ ಬೀಸುವುದು ಇದರಿಂದಲೇ. ಬೇಸಿಗೆಯಲ್ಲಿ ಇಡೀ ದೇಶದ ನೆಲ ಕಾದು, ಸಮುದ್ರ ಅಷ್ಟು ಕಾಯದೆ ಉಳಿದಾಗ ಅದೇ ಆಟ ದೊಡ್ಡದಾಗಿ ನಡೆಯುತ್ತದೆ. ಭೂಮಿ ತಿರುಗುತ್ತಿರುವುದರಿಂದ ಆ ಗಾಳಿ ಓರೆಯಾಗಿ ಬರುತ್ತದೆ. ಅದೇ ನಮ್ಮ ಮುಂಗಾರು. 1686ರಲ್ಲೇ ಎಡ್ಮಂಡ್ ಹ್ಯಾಲಿ ಗಾಳಿಗಳ ನಕ್ಷೆ ಬರೆದು, ಮುಂಗಾರಿಗೆ ಬಿಸಿಲ ಕಾವೇ ಕಾರಣ ಎಂದಿದ್ದ.

ಈ ಐದು ಹೆಜ್ಜೆ ದಾಟಿದ ಮಗುವಿಗೆ ಒತ್ತಡ ಎಂಬ ಪದ ಕೊಡಿ. ಆಗ ಅದು ಒಪ್ಪಿಸುವುದಿಲ್ಲ, ವಿವರಿಸುತ್ತದೆ. ಬೇಸಿಗೆಯ ಬಯಲಲ್ಲಿ ಸುಳಿಗಾಳಿ ಎದ್ದಾಗ "ದೆವ್ವ ಹೊಂಟೈತಿ" ಎಂದು ದೊಡ್ಡವರು ಹೆದರಿಸಿದರೆ, "ಇಲ್ಲ ಯಜ್ಜಾ, ಅಲ್ಲಿ ನೆಲ ಭಾಳ ಕಾದೈತಿ, ಗಾಳಿ ಮ್ಯಾಲ ಹೊಂಟೈತಿ" ಎನ್ನುತ್ತದೆ. ಸಂಜೆ ಮೋಡ ಕವಿದು ಒಮ್ಮೆಲೇ ತಣ್ಣನೆ ಗಾಳಿ ಮುಖಕ್ಕೆ ಬಡಿದರೆ, ಮೋಡದಿಂದ ಕೆಳಕ್ಕೆ ಬಿದ್ದ ಗಾಳಿಯಿದು, ಸಿಡಿಲು ಹಿಂದೆಯೇ ಇದೆ, ಮರದಡಿ ನಿಲ್ಲಬಾರದು ಎಂದು ಗೊತ್ತಿರುತ್ತದೆ. ಆ ಒಂದು ತಿಳಿವಳಿಕೆಯಿಂದ ಜೀವ ಉಳಿಯುತ್ತದೆ.

ಹಳಬರ ಗಾಳಿ ಶಾಲೆಗೆ ಬರಲಿ

ಹಾಗೆಂದು ಊರಿನ ಹಿರಿಯರಿಗೆ ಏನೂ ಗೊತ್ತಿಲ್ಲ ಎಂದು ನಾವು ಹೇಳುತ್ತಿಲ್ಲ. ಕಣದಲ್ಲಿ ಮೊರ ಎತ್ತಿ ನಿಂತು ಗಾಳಿಗಾಗಿ ಕಾದು, ಬಂದ ಕ್ಷಣ ತೂರಿ, ಕಾಳು ಬುಡಕ್ಕೆ ಹೊಟ್ಟು ದೂರಕ್ಕೆ ಬೀಳಿಸಿದ ಕೈಗಳಿಗೆ ಗಾಳಿ ಚೆನ್ನಾಗಿ ಗೊತ್ತು. ಪಡುವಣ ಗಾಳಿ ಯಾವಾಗ ನಿಲ್ಲುತ್ತದೆ, ಮೂಡಣ ಗಾಳಿ ಯಾವಾಗ ತಿರುಗುತ್ತದೆ ಎಂದು ಅವರು ಮಳೆ ನಕ್ಷತ್ರದ ಜೊತೆ ಹೇಳುತ್ತಾರೆ. ಈಗ ರಾಶಿ ಮಷೀನಿನಲ್ಲಿ ಆಗುತ್ತದೆ. ಹೀಗಾಗಿ ಮಗುವಿಗೆ ಕಣದ ಪಾಠವೂ ಇಲ್ಲ, ಶಾಲೆಯ ಪಾಠವೂ ಇಲ್ಲ. ಮೊರ ಹಿಡಿದ ಅಜ್ಜಿಯನ್ನು ಒಂದು ತಾಸು ಶಾಲೆಗೆ ಕರೆಸಲು ಯಾವ ಸುತ್ತೋಲೆ ಬೇಕು?

ಮೇಷ್ಟ್ರ ಕಷ್ಟವೂ ನಮಗೆ ಗೊತ್ತು. ಒಬ್ಬರೇ ಮೂರು ತರಗತಿ ನೋಡಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ಸಮೀಕ್ಷೆಗೆ ಮನೆಮನೆ ತಿರುಗಬೇಕು. ಹೀಗಾಗಿ ಇದನ್ನು ಅವರೊಬ್ಬರ ತಲೆಗೆ ಕಟ್ಟುವುದು ಅನ್ಯಾಯ. ಹಾಗೆಯೇ, ಟಿವಿ ಹಚ್ಚಿ ಗಾಳಿಯ ವಿಡಿಯೋ ತೋರಿಸಿದರೆ ಪಾಠ ಆಯಿತು ಎನ್ನುವುದನ್ನೂ ನಾವು ಒಪ್ಪುವುದಿಲ್ಲ. ಕಿಟಕಿಯಾಚೆ ಬೀಸುತ್ತಿರುವುದನ್ನು ಕಿಟಕಿ ಮುಚ್ಚಿ ಪರದೆಯ ಮೇಲೆ ನೋಡುವುದು ಎಂಥ ಕಲಿಕೆ?

ನಾವು ಕೇಳುವುದು ಇಷ್ಟು

ಫ್ಯಾನು ಇರುವ ಪ್ರತಿ ಊರಿನ ಶಾಲೆಯಲ್ಲಿ ಒಂದು ಗಾಳಿಪುಸ್ತಕ ಇರಲಿ. ಖಾಲಿ ರಿಫಿಲ್ಲು, ಗುಂಡುಸೂಜಿ, ರಟ್ಟಿನ ಬಾಣದಿಂದ ಮಕ್ಕಳೇ ದಿಕ್ಕು ತೋರುವ ಯಂತ್ರ ಮಾಡಲಿ. ದಿನಾ ಬೆಳಿಗ್ಗೆ, ಸಂಜೆ ಗಾಳಿ ಯಾವ ಕಡೆಯಿಂದ ಬಂತು, ಎಲೆ ಅಲುಗಿತೋ, ಕೊಂಬೆ ಬಾಗಿತೋ ಎಂದು ಬರೆಯಲಿ. ಒಂದು ವರ್ಷ ತುಂಬಿದ ಪುಸ್ತಕ ಊರಿನ ಆಸ್ತಿ.

ಕಂಪನಿಗಳ ಕಾಯ್ದೆ 2013ರ ಪ್ರಕಾರ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ನಮ್ಮ ಶಾಲೆಗಳಿಗೆ ಅದರಲ್ಲಿ ಬರುವುದು ಹೆಸರು ಬರೆದ ಚೀಲ, ಬಣ್ಣ ಬಳಿದ ಗೇಟು. ಎಸ್‌ಡಿಎಂಸಿಯವರು ಮುಂದಿನ ಸಲ ಚೀಲದ ಬದಲು ಬೇರೆ ಕೇಳಲಿ: ನಮ್ಮ ಊರಿನ ಕಂಬದಲ್ಲಿ ಅಳೆದ ಗಾಳಿಯ ಅಂಕಿಯನ್ನು ನಮ್ಮ ಶಾಲೆಗೆ ಕೊಡಿ, ನಿಮ್ಮ ಎಂಜಿನಿಯರ್ ಬಂದು ಫ್ಯಾನಿನ ಬುಡದಲ್ಲಿ ಮಕ್ಕಳ ಪ್ರಶ್ನೆಗೆ ಉತ್ತರಿಸಲಿ. ಕೊಡುವುದಿಲ್ಲ ಎಂದರೆ ಯಾಕೆ ಕೊಡುವುದಿಲ್ಲ ಎಂದು ಊರು ಕೇಳಲಿ.

ಮಕ್ಕಳ ಗ್ರಾಮಸಭೆ ವರ್ಷಕ್ಕೊಮ್ಮೆ ನಡೆಯುತ್ತದೆ. ಅಲ್ಲಿ ಮಕ್ಕಳು ಶೌಚಾಲಯ, ಆಟದ ಮೈದಾನ ಕೇಳುತ್ತಾರೆ, ಕೇಳಲೇಬೇಕು. ಅದರ ಜೊತೆಗೆ ಈ ಸಲ ಒಂದು ಮಗು ಎದ್ದು "ನಮ್ಮೂರ ಗಾಳಿ ಎಷ್ಟು ವೇಗ ಐತ್ರಿ, ಅದಕ್ಕ ಎಷ್ಟು ರೊಕ್ಕ ಬರತೈತ್ರಿ?" ಎಂದು ಕೇಳಲಿ. ವೇದಿಕೆಯ ಮೇಲಿನವರು ಏನು ಉತ್ತರ ಕೊಟ್ಟರು ಎಂಬುದನ್ನು ಬರೆಯಲು ನಾವು ಅಲ್ಲಿಗೆ ಬರುತ್ತೇವೆ.

ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿ ನಾಗರಿಕನ ಕರ್ತವ್ಯ ಎಂದು ನಮ್ಮ ಸಂವಿಧಾನದ 51ಎ ವಿಧಿ ಹೇಳುತ್ತದೆ. ಆ ಕರ್ತವ್ಯ ನಮ್ಮ ಸೀಮೆಯಲ್ಲಿ ಒಂದು ತಂಬಿಗೆ, ಒಂದು ಬಕೆಟ್ ನೀರಿನಿಂದ ಶುರುವಾಗಲಿ. ಈ ಭಾನುವಾರ ಮಗುವನ್ನು ಕೂರಿಸಿಕೊಂಡು ಮಾಡಿ. ಕಾಗದ ಒಣಗೇ ಇದ್ದರೆ ಯಾಕೆ ಎಂದು ಕೇಳಿ. ಉತ್ತರವನ್ನು ಮಾತ್ರ ನೀವು ಹೇಳಬೇಡಿ, ಕಾಯಿರಿ.